ಮೂರು ಡಿಗ್ರಿಯ ಚಾಕು

ಚಾಕುವಿನ ಬೆನ್ನಿನಿಂದ ಬಾಯಿಗೆ ಇಳಿಯುವ ಇಳಿಜಾರು ಎಷ್ಟಿರಬಹುದು? ಹದಿನೈದೋ ಇಪ್ಪತ್ತೋ ಡಿಗ್ರಿ ಎಂದುಕೊಳ್ಳುವವರೇ ಹೆಚ್ಚು. 3 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ ತರಕಾರಿ ಚಾಕುವಿಗೆ ಲೆಕ್ಕ ಹಾಕಿದರೆ ಸಿಗುವುದು ಮಗ್ಗುಲೊಂದಕ್ಕೆ ಸುಮಾರು 3 ಡಿಗ್ರಿ, ಅಷ್ಟೇ. ಬೆನ್ನಿನ ಹತ್ತಿರ ಏನೂ ತೆಗೆಯುವಂತಿಲ್ಲ, ಬಾಯಿಯ ಹತ್ತಿರ ಅರ್ಧ ಮಿ.ಮೀ. ದಪ್ಪ ಉಳಿಸಿ ಮಗ್ಗುಲೊಂದಕ್ಕೆ ಒಂದೂಕಾಲು ಮಿ.ಮೀ. ತೆಗೆಯಬೇಕು. ಮುಂಗೈ ಒಂದಿಷ್ಟು ವಾಲಿದರೂ ಮಟ್ಟಸವಾಗಬೇಕಾದ ಮೈ ಉಬ್ಬಿಕೊಳ್ಳುತ್ತದೆ.

ಬೆಂಗಳೂರಿನ ದಾಸರಹಳ್ಳಿಯಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಟೂಲ್‌ರೂಮಿನಿಂದ ನಿವೃತ್ತರಾದ ಫಿಟರ್ ಒಬ್ಬರು ಈ 3 ಡಿಗ್ರಿಯನ್ನು ಹಿಡಿಯಲು ಮಾಡಿಕೊಂಡಿರುವ ಜಿಗ್, ಅಂದರೆ ಉಪಕರಣವನ್ನು ಒಂದೇ ದಾರಿಯಲ್ಲಿ ಹಿಡಿದಿಡುವ ಚೌಕಟ್ಟು, ನೋಡುವಂಥದ್ದು. ಗ್ರೈಂಡರ್ ಇಲ್ಲ, ಬೆಲ್ಟ್ ಇಲ್ಲ. ಎರಡಡಿ ಉದ್ದದ ಹಲಗೆ, ಅದರ ಒಂದು ತುದಿಯಲ್ಲಿ ಚಾಕುವಾಗಬೇಕಾದ ಉಕ್ಕಿನ ಪಟ್ಟಿಯನ್ನು ಬಿಗಿಯುವ ಮರದ ಕಟ್ಟೆ, ಇನ್ನೊಂದು ತುದಿಯಲ್ಲಿ ನೆಟ್ಟಗೆ ನಿಂತ ಬೋಲ್ಟು, ಬೋಲ್ಟಿನ ತಲೆಯಲ್ಲೊಂದು ಬಳೆ. ಆ ಬಳೆಯೊಳಗೆ ಉದ್ದನೆಯ ಸರಳು ಜಾರುತ್ತದೆ, ಸರಳಿನ ಈಚೆ ತುದಿಗೆ ಅರ ಕಟ್ಟಿದೆ. ಮುಂದಕ್ಕೆ ತಳ್ಳಿದರೂ ಹಿಂದಕ್ಕೆ ಎಳೆದರೂ ಅರ ಅದೇ ಓರೆಯಲ್ಲೇ ಓಡಬೇಕು, ಬೇರೆ ದಾರಿಯೇ ಇಲ್ಲ. ಈಳಿಗೆ ಮಣೆಯಲ್ಲಿ ಅಲಗು ಕದಲದೆ ಕೂತು ಬದನೆಕಾಯಿ ಓಡಾಡುವಂತೆ, ಇಲ್ಲಿ ಚಾಕು ಕದಲುವುದಿಲ್ಲ, ಅರ ಓಡಾಡುತ್ತದೆ.

ಓರೆ ಹೊಂದಿಸುವುದು ಬೋಲ್ಟಿನ ನಟ್ಟುಗಳಲ್ಲಿ. ಬಳೆ ಚಾಕುವಿನಿಂದ 400 ಮಿ.ಮೀ. ದೂರದಲ್ಲಿದೆ. ಅರ ಪಟ್ಟಿಯ ಮೇಲೆ ಚಪ್ಪಟೆಯಾಗಿ ಕೂರುವ ಎತ್ತರದಿಂದ ಬಳೆಯನ್ನು 20 ಮಿ.ಮೀ. ಏರಿಸಿದರೆ 3 ಡಿಗ್ರಿ ಸಿಕ್ಕಿತು. "ಇಷ್ಟಕ್ಕೆ ಪ್ರೊಟ್ರಾಕ್ಟರ್ ಯಾಕೆ ಬೇಕು ಸರ್, ಸ್ಕೇಲಿದ್ರೆ ಆಯ್ತಲ್ಲ" ಎಂದರು.

ನನಗೆ ಇನ್ನೂ ಹಿಡಿಸಿದ್ದು ಅವರು ಗೆರೆ ಹಾಕುವ ಬಗೆ. ಬಾಯಿಯ ಅಂಚಿಗೆ ಮಾರ್ಕರ್ ಬಳಿದು, ಪಟ್ಟಿಯನ್ನು ಸಮತಟ್ಟಾದ ಕಲ್ಲಿನ ಮೇಲೆ ಮಲಗಿಸುತ್ತಾರೆ. ಪಕ್ಕದಲ್ಲಿ ಮೂರೂವರೆ ಮಿ.ಮೀ. ಡ್ರಿಲ್ ಬಿಟ್ಟನ್ನೂ ಮಲಗಿಸಿ, ಅದರ ಮೊನೆಯಿಂದ ಅಂಚಿನುದ್ದಕ್ಕೂ ಗೀರುತ್ತಾರೆ. ಪಟ್ಟಿಯನ್ನು ಮಗುಚಿ ಮತ್ತೆ ಗೀರುತ್ತಾರೆ. ಮಲಗಿದ ಬಿಟ್ಟಿನ ಮೊನೆ ಕಲ್ಲಿನಿಂದ 1.75 ಮಿ.ಮೀ. ಎತ್ತರದಲ್ಲಿರುತ್ತದೆ. 3 ಮಿ.ಮೀ. ಪಟ್ಟಿಯ ಮೇಲೆ ಎರಡು ಗೆರೆ ಬಿದ್ದಾಗ ಅವುಗಳ ನಡುವೆ ಉಳಿಯುವುದು ಸರಿಯಾಗಿ ಅರ್ಧ ಮಿ.ಮೀ. ಅದೂ ಪಕ್ಕಾ ನಡುಮಧ್ಯದಲ್ಲಿ. ಎರಡೂ ಕಡೆಯಿಂದ ಆ ಗೆರೆಗಳವರೆಗೆ ಉಜ್ಜಿ ನಿಲ್ಲಿಸಬೇಕು. ಅದಕ್ಕಿಂತ ತೆಳುವಾದರೆ ಕಾಯಿಸಿ ಎಣ್ಣೆಗೆ ಅದ್ದುವಾಗ ಬಾಯಿ ಸೊಟ್ಟಗಾಗುವ, ಬಿರಿಯುವ ಭಯ.

ಜಿಗ್ ಎಂಬುದು ಪೀಣ್ಯದವರಿಗೆ ಹೊಸತಲ್ಲ. 1953ರಲ್ಲಿ ಎಚ್‌ಎಂಟಿ ಕಾರ್ಖಾನೆ ಬಂದಮೇಲೆ ಬೆಂಗಳೂರು ಯಂತ್ರ ಮಾಡುವ ಯಂತ್ರಗಳ ಊರಾಯಿತು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಒಂದೇ ತೂತನ್ನು ಸಾವಿರ ತುಂಡುಗಳಲ್ಲಿ ಒಂದೇ ಜಾಗದಲ್ಲಿ ಕೊರೆಯಲು ಜಿಗ್ ಮಾಡುವುದೇ ಇಂಥ ಟೂಲ್‌ರೂಮುಗಳ ಫಿಟರ್‌ಗಳ ಕಸುಬಾಗಿತ್ತು. ಸಿಎನ್‌ಸಿ ಯಂತ್ರಗಳು ಬಂದಮೇಲೆ ಆ ಕೆಲಸದ ಬಹುಪಾಲು ಕಂಪ್ಯೂಟರಿನ ಪಾಲಾಯಿತು.

ಉಜ್ಜುವುದು ನಿಧಾನದ ಕೆಲಸ. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಪುಡಿ ಕಚ್ಚಿಕೊಳ್ಳುವುದಿಲ್ಲ. ತಳ್ಳುವಾಗ ಮಾತ್ರ ಭಾರ, ಎಳೆಯುವಾಗ ಹಗುರ. ಆಮೇಲೆ ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಮತ್ತೂ ತುಸು ಏರಿಸಿ, ಬೆಚ್ಚಗಿನ ಎಣ್ಣೆಗೆ ಇಳಿಸುತ್ತಾರೆ. ಅರ ಕಚ್ಚದೆ ಜಾರಿದರೆ ಉಕ್ಕು ಗಟ್ಟಿಯಾಯಿತು ಎಂದರ್ಥ. ಆ ಪೆಡಸು ಕಳೆಯಲು ಓವನ್ನಿನಲ್ಲಿ 200 ಡಿಗ್ರಿ ಶಾಖ ಕೊಡುತ್ತಾರೆ. ಕೊನೆಗೆ ಅದೇ ಜಿಗ್ಗಿನಲ್ಲಿ ಅರದ ಜಾಗಕ್ಕೆ ಎಮರಿ ಕಾಗದ ಬರುತ್ತದೆ.

ಜಿಗ್ ಬಂದರೆ ಕೈಚಳಕ ಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾಕುವಿನ ತುದಿ ಬಾಗುವ ಕಡೆ ಈ ಜಿಗ್ ಸೋಲುತ್ತದೆ. ಸರಳು ಓರೆಯಾಗಿ ದೂರಕ್ಕೆ ಚಾಚಿದಂತೆ ಕೋನ ಕಡಿಮೆಯಾಗುತ್ತದೆ. ಅಲ್ಲಿ ಅವರು ಸರಳು ಕಳಚಿ, ಅರವನ್ನು ಬರಿಗೈಯಲ್ಲಿ ಹಿಡಿದು, ಚಾಕುವನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಉಜ್ಜುತ್ತಾರೆ. ದಶಕಗಳ ಫಿಟರ್ ಕೆಲಸ ಕಾಣುವುದು ಆ ಒಂದಂಗುಲದಲ್ಲಿ.

ಇಂಥ ಚಾಕುವಿಗೆ ಸಂತೆಯಲ್ಲಿ ಬೆಲೆ ಹುಟ್ಟುವುದು ಕಷ್ಟ. ಅಂಗಡಿಯ ಸ್ಟೇನ್‌ಲೆಸ್ ಸ್ಟೀಲ್ ಚಾಕು ಅಗ್ಗ, ಹೊಳೆಯುತ್ತದೆ, ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಇವರದು ಒರೆಸದೆ ಇಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಮಚ್ಚೆ ಕಟ್ಟುತ್ತದೆ. ಹೀಗಾಗಿ ಬಂಧುಗಳಿಗೆ, ಗೃಹಪ್ರವೇಶಕ್ಕೆ ಕೊಟ್ಟದ್ದೇ ಹೆಚ್ಚು. ಕಲಿಯಲು ಬಂದವರು ಯಾರೂ ಇಲ್ಲ.

ನಮ್ಮ ಐಟಿಐಗಳಲ್ಲಿ ಫಿಟರ್ ಕಲಿಯುವ ಮಕ್ಕಳು ಮೊದಲು ಕಲಿಯುವ ಕೆಲಸಗಳಲ್ಲಿ ಅರ ಹಿಡಿಯುವುದೂ ಒಂದು. ಕಬ್ಬಿಣದ ತುಂಡನ್ನು ಚೌಕ ಮಾಡಿ ಅಂಕ ಪಡೆಯುತ್ತಾರೆ. ಆ ಅಭ್ಯಾಸಗಳ ಸಾಲಿಗೆ ಈ ಜಿಗ್ಗನ್ನೂ ಒಂದು ಚಾಕುವನ್ನೂ ಸೇರಿಸಬಾರದೇ? ಬೇಕಾದದ್ದು ಹಲಗೆ, ಬೋಲ್ಟು, ಸರಳು, ಅರ. ಕಲಿತ ಹುಡುಗನೋ ಹುಡುಗಿಯೋ ತಾವೇ ಮಾಡಿದ ಚಾಕುವನ್ನು ಮನೆಗೆ ಒಯ್ದು ಅಡುಗೆಮನೆಯಲ್ಲಿ ಇಡಬಹುದು. ಕಿರಿಯ ತರಬೇತಿ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಬ್ಯಾಚಿಗಾದರೂ ಮಾಡಿಸಿ ನೋಡಿ.