ಹೊಯ್… ಸಳ ಎಲ್ಲಿ?

ಫೋನಿನ ಪರದೆಯ ಮೇಲೆ ಮೂರು ಸಾಲು ಮೂಡಿದವು: ‘ಅರಸೀಕೆರೆ ಈಶ್…’, ‘ಬೇಲೂರು ಚೆನ್ನ…’, ‘ಹಳೇಬೀಡು ಹೊಯ್…’. ಹೆಗಲ ಮೇಲಿಂದ ಇಣುಕಿದ ಮಗಳು ಕೇಳಿದಳು: “ಹೊಯ್ ಅಂತಿದೆ, ಸಳ ಎಲ್ಲಪ್ಪಾ?”

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡು ಸುತ್ತಿಕೊಂಡು ಬರುವ ನೆಂಟರಿಗೆ ಇರಲಿ ಅಂತ ಒಂದು ಪುಟ್ಟ ಆ್ಯಪ್ ಮಾಡಲು ಕೂತಿದ್ದೆ. ಹೆಸರಿನ ಜಾಗ ಕಿರಿದು. ಹನ್ನೆರಡು ಅಕ್ಷರ ದಾಟಿದರೆ ಕತ್ತರಿಸಿ ಮೂರು ಚುಕ್ಕಿ ಇಡು ಎಂದು ಬರೆದಿದ್ದೆ. ಅದು ಹೇಳಿದ್ದನ್ನೇ ಮಾಡಿತ್ತು. ನಾನು ಅಕ್ಷರ ಎಂದದ್ದು ಒಂದು, ಅದು ತಿಳಿದದ್ದು ಇನ್ನೊಂದು.

ಹೊಯ್ಸಳೇಶ್ವರ ಎನ್ನುವುದು ನಮ್ಮ ಬಾಯಲ್ಲಿ ಐದು ಅಕ್ಷರ: ಹೊ, ಯ್ಸ, ಳೇ, ಶ್ವ, ರ. ಫೋನಿನ ಹೊಟ್ಟೆಯೊಳಗೆ ಅದು ಹನ್ನೊಂದು ತುಂಡು: ಹ, ಒ ಸ್ವರದ ಚಿಹ್ನೆ, ಯ, ಹಲಂತದ ಗುರುತು, ಸ, ಳ, ಏ ಸ್ವರದ ಚಿಹ್ನೆ, ಶ, ಮತ್ತೊಂದು ಹಲಂತ, ವ, ರ. ಈ ಹನ್ನೊಂದಕ್ಕೂ ಯೂನಿಕೋಡ್‌ನಲ್ಲಿ ಒಂದೊಂದು ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಅದು ನಮ್ಮ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆ ಕಾಲದ ಫಾಂಟುಗಳಿಗೆ ಅವುಗಳದ್ದೇ ಸಂಕೇತ. ಒಂದರಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಕಾಗಕ್ಕ ಗುಬ್ಬಕ್ಕ. ಆಂಡ್ರಾಯ್ಡ್ ಫೋನಿಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಕನ್ನಡದ ಜಾಗದಲ್ಲಿ ಖಾಲಿ ಚೌಕಗಳನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಸಂಖ್ಯೆ ಇದ್ದರೆ ಸಾಲದು, ಯ ಕೆಳಗೆ ಸ ಒತ್ತನ್ನು ಯಾರಾದರೂ ಕೂರಿಸಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಆ ಕೆಲಸ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ತಂತ್ರಾಂಶದ್ದು. ಅಕ್ಷರ, ತೆರೆದದ್ದು ಎಂಬ ಎರಡು ಪಾರ್ಸಿ ಪದ ಕೂಡಿಸಿದ ಹೆಸರು. ಫ್ರೀಟೈಪ್ ಎಂಬ ಇನ್ನೊಂದು ಯೋಜನೆಯ ಮಡಿಲಲ್ಲಿ ಹುಟ್ಟಿದ ಅದನ್ನು ಬೆಹದಾದ್ ಎಸ್ಫಹ್‌ಬೋದ್ ಹೊಸದಾಗಿ ಬರೆದರು. ನಾನು ಆ್ಯಪ್ ಕಟ್ಟಲು ಬಳಸಿದ ಫ್ಲಟರ್ ಎಂಬ ಸಲಕರಣೆಯ ಒಳಗೂ ಅದೇ ಇದೆ. ನಾನು ಅದನ್ನು ಕರೆದಿರಲಿಲ್ಲ, ಹೆಸರನ್ನೂ ಬರೆದಿರಲಿಲ್ಲ. ಆ್ಯಪಿನ ಲೈಸೆನ್ಸ್ ಪುಟ ತೆರೆದಾಗಲೇ ಗೊತ್ತಾದದ್ದು. ಮೂರು ಊರಿನ ಹೆಸರು ತೋರಿಸುವ ಆ್ಯಪಿಗೆ ಮಾಡಿದವರ ಹೆಸರು ಹೊತ್ತ ಆ ಪುಟ ಎಳೆದಷ್ಟೂ ಮುಗಿಯದು. ಬೇಲೂರಿನ ಮದನಿಕೆಯರ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಕೊರೆದಿರುವುದನ್ನು ಓದಬೇಕಾದರೆ ಕತ್ತೆತ್ತಿ ಕಣ್ಣು ಕಿರಿದು ಮಾಡಬೇಕು. ಇಲ್ಲಿ ಬೆರಳು ನೋಯಿಸಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಕತ್ತರಿಸುವ ಕೆಲಸಕ್ಕೆ ಹಾರ್ಫ್‌ಬಝ್ ಒದಗದು. ಅದಕ್ಕೆ ಬೇರೆ ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಇದೆ, ಹೆಸರು ‘ಕ್ಯಾರೆಕ್ಟರ್ಸ್’. ಫ್ಲಟರ್ ಬಳಸುವ ಡಾರ್ಟ್ ಭಾಷೆಯ ತಂಡವೇ ಮಾಡಿದ್ದು. ಪಬ್‌ಸ್ಪೆಕ್ ಎಂಬ ಪ್ಯಾಕೇಜ್ ಪಟ್ಟಿಯ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು, ಹಲಂತ ಯಾವುದು, ಸ್ವರಚಿಹ್ನೆ ಯಾವುದು ಎಂಬ ತಲೆನೋವು ಅದರದ್ದು. ಮಿತಿಯನ್ನು ಏಳಕ್ಕೆ ಇಳಿಸಿ ನೋಡಿದೆ. ‘ಅರಸೀಕೆರೆ ಈ…’ ಬಂತು, ಸದ್ಯ ಒತ್ತು ಮುರಿಯಲಿಲ್ಲ. ಬೇಲೂರು ಮೊದಲಿನ ಹಾಗೇ ಸರಿ. ಹಳೇಬೀಡು? ‘ಹೊಯ್…’

ಎಣಿಸಲು ಹೇಳಿದೆ. ಹೊಯ್ಸಳೇಶ್ವರಕ್ಕೆ ಏಳು ಎಂದಿತು. ಹನ್ನೊಂದೂ ಅಲ್ಲ, ಐದೂ ಅಲ್ಲ. ಸ್ವರಚಿಹ್ನೆಗಳನ್ನು ಹಿಡಿದು ಕೂಡಿಸುತ್ತದೆ, ಒತ್ತಕ್ಷರಗಳನ್ನು ಬಿಡಿಸುತ್ತದೆ. ಬೈಯಲು ಹೊರಟವನು ಸ್ವಲ್ಪ ಓದಿದೆ. ಪ್ಯಾಕೇಜಿನದೇನೂ ತಪ್ಪಿಲ್ಲ, ಅದು ಯೂನಿಕೋಡ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಒತ್ತಕ್ಷರವನ್ನು ನಡುವೆ ಒಡೆಯಬಾರದು ಎಂಬ ನಿಯಮ ಬಂದದ್ದೇ 2023ರ ಸೆಪ್ಟೆಂಬರ್‌ನ 15.1 ಆವೃತ್ತಿಯಲ್ಲಿ. ಆ ನಿಯಮ ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಅದೇ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಒಂದೇ ತಿಂಗಳಲ್ಲಿ ಹೊಯ್ಸಳರು ಒಂದು ಪಟ್ಟಿ ಸೇರಿದರು, ಅವರ ಹೆಸರಿನ ಒತ್ತಕ್ಷರ ಇನ್ನೊಂದರಿಂದ ಹೊರಗುಳಿಯಿತು.

ಎಲ್ಲೋ ಒಂದೆಡೆ ಬರೆದ ಒಂದು ನಿಯಮ ಹೀಗೆ ಪ್ಯಾಕೇಜಿನಿಂದ ಪ್ಯಾಕೇಜಿಗೆ ಇಳಿದು ನಮ್ಮ ಅಂಗೈಗೆ ಬರುತ್ತದೆ. ಕೆಟ್ಟದ್ದೂ ಅದೇ ದಾರಿಯಲ್ಲಿ ಬರುತ್ತದೆ. 2016ರ ಮಾರ್ಚ್‌ನಲ್ಲಿ ಅಝೆರ್ ಕೊಚುಲು ಎಂಬಾತ ಒಂದು ಹೆಸರಿನ ತಕರಾರಿಗೆ ಬೇಸತ್ತು ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದುಬಿಟ್ಟ. ಅದರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬುದು ಬರೀ ಹನ್ನೊಂದು ಸಾಲು. ಅದನ್ನು ನೆಚ್ಚಿದ್ದ ತಂತ್ರಾಂಶಗಳು ಜಗತ್ತಿನಾದ್ಯಂತ ಮುಗ್ಗರಿಸಿದವು. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ‘ಜ್ಞಾ’ ಬಂದರೆ ಐಫೋನಿನ ಆ್ಯಪುಗಳು ಕುಸಿಯುತ್ತಿದ್ದವು, ಯಾಕೆಂದರೆ ಅಕ್ಷರ ಮೂಡಿಸುವ ಯಂತ್ರ ಎಲ್ಲಕ್ಕೂ ಒಂದೇ. 2020ರ ಮೇ ತಿಂಗಳಲ್ಲಿ ಫೇಸ್‌ಬುಕ್‌ನ ಎಸ್‌ಡಿಕೆ ಎಂಬ ಸಿದ್ಧ ಕೋಡ್ ಸೇರಿಸಿಕೊಂಡಿದ್ದ ಸ್ಪಾಟಿಫೈ, ಪಿಂಟರೆಸ್ಟ್‌ನಂಥ ಐಫೋನ್ ಆ್ಯಪುಗಳು ತೆರೆದ ಕೂಡಲೇ ಮುಚ್ಚಿಕೊಂಡವು. ಆ ಆ್ಯಪುಗಳಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ, ಬದಲಾದದ್ದು ಫೇಸ್‌ಬುಕ್‌ನ ಸರ್ವರಿನಲ್ಲಿ.

ಹಾಗಂತ ಎಲ್ಲವನ್ನೂ ನಾವೇ ಬರೆಯುವ ಹುಂಬತನವೂ ಬೇಡ. ನಾನು ಬರೆದು ನೋಡಿದೆ: ತುಂಡು ಹಲಂತದಲ್ಲಿ ಮುಗಿದರೆ ಮುಂದಿನದನ್ನು ಸೇರಿಸು. ಹೊಯ್ಸಳ ಕೂಡಿತು, ಈಶ್ವರ ಕೂಡಿತು. ಗೆದ್ದೆ ಎನ್ನುವಷ್ಟರಲ್ಲಿ ‘ಬಸ್‌ಸ್ಟ್ಯಾಂಡ್’ ಎದುರಾಯಿತು. ಸ, ಟ, ಯ, ಮೂರು ಅಂತಸ್ತು. ನನ್ನ ಕೋಡ್ ಒಂದೇ ಸಲ ಕೂಡಿಸಿ ಕೈತೊಳೆದುಕೊಂಡಿತ್ತು.

ಆದರೂ ‘ಹೊಯ್…’ ಬಗ್ಗೆ ನನಗೆ ಪೂರಾ ಸಿಟ್ಟು ಬರಲಿಲ್ಲ. ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹುಲಿ ಎರಗಿದಾಗ ಜೈನ ಮುನಿ ಕೂಗಿದ್ದು ‘ಹೊಯ್, ಸಳ’ ಎಂದೇ ಅಲ್ಲವೆ? ಆ ಎರಡು ಮಾತು ಬೆಸೆದು ಒಂದು ವಂಶದ ಹೆಸರಾಯಿತು ಎನ್ನುತ್ತದೆ ಐತಿಹ್ಯ. ಯ ಮತ್ತು ಸ ನಡುವೆ, ಬೆಸುಗೆ ಬಿದ್ದ ಜಾಗದಲ್ಲೇ ಪ್ಯಾಕೇಜ್ ಕತ್ತರಿ ಇಟ್ಟಿತ್ತು.

ಹಲಂತ ಮುಗಿಯುವವರೆಗೂ ಕೂಡಿಸುತ್ತಲೇ ಹೋಗುವ ಕುಣಿಕೆ ಬರೆದು, ಮೂರಂತಸ್ತು ನಿಲ್ಲಿಸಿ, ಮಗಳಿಗೆ ತೋರಿಸಿದೆ. ನೋಡಿದಳು. “ಯಾಕಪ್ಪಾ ಕತ್ತರಿಸ್ತೀಯಾ? ಎರಡನೇ ಸಾಲಿಗೆ ಇಳಿಸಿದ್ರೆ ಆಗಲ್ವಾ?”

ಇಳಿಸಿದೆ.