ಕ್ಷೌರದಂಗಡಿಯ ಹುಸಿ ಬಾತುಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಿಸ್‌ಫೀಲ್ಡ್ ಕಡಲಂಚಿನ ಊರು. ಅಲ್ಲಿನ ಸ್ಟೀವ್ ಮತ್ತು ಲೆಮ್ ವಾರ್ಡ್ ಸಹೋದರರದು ಅಪ್ಪನಿಂದ ಬಂದ ಕ್ಷೌರದ ಕಸುಬು. ಗಿರಾಕಿ ಎದ್ದು ಹೋದರೆ ಕತ್ತರಿ ಬದಿಗಿಟ್ಟು ಕೈಗೊಡಲಿ ಹಿಡಿಯುತ್ತಿದ್ದರು. ಮರದ ಬಾತಿನ ಮೈಗೆ ರೂಪ ಕೊಡುವುದು ಹೆಚ್ಚಾಗಿ ಸ್ಟೀವ್, ಬಣ್ಣ ಹಚ್ಚುವುದು ಲೆಮ್. ಮರದಲ್ಲಿ ಖೋಟಾ ನೀರುಹಕ್ಕಿಗಳನ್ನು ತಯಾರಿಸುವವರು ಎಂದು ತಮ್ಮನ್ನು ತಾವೇ ಕರೆದುಕೊಂಡಿದ್ದರು!

ಈ ಹುಸಿ ಬಾತಿಗೆ ಅಲ್ಲಿ ಡಿಕಾಯ್ ಎನ್ನುತ್ತಾರೆ. ಹುಟ್ಟಿದ್ದು ಬೇಟೆಗಾಗಿ. ನೀರಿನ ಮೇಲೆ ಹತ್ತಾರು ಮರದ ಬಾತು ತೇಲಿಬಿಟ್ಟರೆ, ಮೇಲೆ ಹಾರುವ ಹಿಂಡು ಜಾಗ ನಿರ್ಭಯವೆಂದು ನಂಬಿ ಕೋವಿಯ ಅಳವಿಗೆ ಇಳಿಯುತ್ತದೆ. ಉಪಾಯ ಬಲು ಹಳೆಯದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಸಿಕ್ಕ ಜೊಂಡಿನ ಬಾತುಗಳು ಸುಮಾರು 2,000 ವರ್ಷ ಹಿಂದಿನವು.

ಹಕ್ಕಿಯನ್ನು ಮೋಸಗೊಳಿಸಬೇಕಾದರೆ ಅದನ್ನು ಚೆನ್ನಾಗಿ ನೋಡಿರಬೇಕು. ಬಣ್ಣ ಹೊಳೆಯಬಾರದು, ಬಿಸಿಲಿಗೆ ಮಿಂಚಿದರೆ ಹಿಂಡು ಬೆದರುತ್ತದೆ. ಅಲೆ ಬಡಿದು ಮಗುಚಿದರೂ ತಾನೇ ನೆಟ್ಟಗಾಗಲು ಹೊಟ್ಟೆಯಡಿ ಸೀಸದ ತುಂಡು ಬೇಕು. ಗಂಡು ಬಾತಿನ ಪಕ್ಕೆಯ ನವಿರಾದ ಅಲೆಗೆರೆಗಳಿಗಾಗಿ ಕೆಲವರು ಹಸಿ ಬಣ್ಣದ ಮೇಲೆ ಹಲ್ಲುಹಲ್ಲಾದ ಬಾಚಣಿಗೆ ಎಳೆಯುತ್ತಾರೆ. ವಾರ್ಡ್ ಸಹೋದರರು ಎಷ್ಟೋ ಬಾತುಗಳ ಕತ್ತನ್ನು ತುಸು ಹೊರಳಿಸಿಟ್ಟರು. ಅಷ್ಟಕ್ಕೇ ಮರದ ತುಂಡಿಗೆ ಏನೋ ಸದ್ದು ಕೇಳಿಸಿದಂತಿರುತ್ತದೆ.

ಬೇಟೆಯಾಡಿದ ಹಕ್ಕಿಗಳ ಮಾರಾಟಕ್ಕೆ ಅಮೆರಿಕದ 1918ರ ಕಾನೂನು ಕಡಿವಾಣ ಹಾಕಿತು. ಮುಂದೆ ಅಗ್ಗದ ಪ್ಲಾಸ್ಟಿಕ್ ಬಾತುಗಳೂ ಬಂದವು. ಕಸುಬು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕೆರೆಗೆಂದು ಮಾಡಿದ್ದನ್ನು ಜನ ಕಪಾಟಿನಲ್ಲಿಟ್ಟು ನೋಡತೊಡಗಿದರು. ಮೇರಿಲ್ಯಾಂಡ್‌ನ ಹಾವ್ರ್ ಡಿ ಗ್ರೇಸ್‌ನಲ್ಲಿ ಡಿಕಾಯ್‌ಗಳಿಗೆಂದೇ ಮ್ಯೂಸಿಯಂ ಇದೆ. ವಾರ್ಡ್ ಹೆಸರಿನ ವಿಶ್ವ ಸ್ಪರ್ಧೆಯಲ್ಲಿ ತೀರ್ಪುಗಾರರು ಬಾತುಗಳನ್ನು ನೀರಿನ ತೊಟ್ಟಿಗೆ ಬಿಟ್ಟೇ ಅಂಕ ಕೊಡುವ ವಿಭಾಗಗಳಿವೆ. ಎಷ್ಟೇ ಚೆಂದವಿರಲಿ, ವಾಲಿದರೆ ಕಥೆ ಮುಗಿಯಿತು. ಲೆಮ್ ವಾರ್ಡ್‌ಗೆ 1983ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವ ಸಂದಿತು.

ದುಡ್ಡಿನ ಮಾತೂ ಉಂಟು. ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಡಿಕಾಯ್‌ಗಳು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಮೇಲ್ಪಟ್ಟು ಮಾರಾಟವಾದವು. ಒಂದು ಕೆನಡಾ ಹೆಬ್ಬಾತು, ಇನ್ನೊಂದು ಸೂಜಿಬಾಲದ ಬಾತು.

ಈ ಸೂಜಿಬಾಲದ ಬಾತು ನಮಗೂ ನೆಂಟ. ಚಳಿಗಾಲಕ್ಕೆ ಉತ್ತರದಿಂದ ಹಾರಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳ ದಂಡೇ ಇಳಿಯುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರ ಕೆತ್ತಿ ಬಣ್ಣ ತುಂಬುವ ಪಳಗಿದ ಕೈಗಳಿವೆ. ಹಕ್ಕಿ ನೋಡಲು ಹೋಗುವವರು ಈ ಸಲ ಕ್ಯಾಮೆರಾದ ಜೊತೆ ಕಿನ್ನಾಳದ ಕಲಾವಿದರೊಬ್ಬರನ್ನೂ ಕೆರೆ ದಂಡೆಗೆ ಕರೆದೊಯ್ಯಲಿ.