ಅಂತರ್ಜಾಲದ ದಳ್ಳಾಳಿತನ

ಮನೆಯಲ್ಲಿ ಕುಳಿತೇ ದ್ರವ್ಯಾರ್ಜನೆ ಮಾಡಬಹುದೆಂಬ ಮಾತು ಯಾರ ಕಿವಿಗೆ ತಾನೇ ಹಿತವಲ್ಲ? ಇದ್ದ ನೌಕರಿಯನ್ನು ಬಿಟ್ಟು 'ಅಫಿಲಿಯೇಟ್ ಮಾರ್ಕೆಟಿಂಗ್' ಹಿಡಿಯುವೆವೆನ್ನುವ ತರುಣರು ಈಗ ಹಲವು ಮನೆಗಳಲ್ಲಿದ್ದಾರೆ. ಹೆಸರು ಹೊಸದಾದರೂ ಕಸುಬು ದಳ್ಳಾಳಿಯದೇ. ಪರರ ಸರಕನ್ನು ಅಂತರ್ಜಾಲದಲ್ಲಿ ಬಣ್ಣಿಸಿ ಒಂದು ಕೊಂಡಿಯನ್ನು ಕೊಡುವುದು. ಅದನ್ನು ಒತ್ತಿ ಹೋದವನು ಕೊಂಡರೆ ಶೇಕಡಾ ಇಷ್ಟೆಂದು ರುಸುಮು ಪಡೆಯುವುದು. ಅಮೆರಿಕದ ಅಮೆಜಾನ್ ಕಂಪೆನಿಯು ಈ ಏರ್ಪಾಡನ್ನು 1996ರಲ್ಲೇ ಆರಂಭಿಸಿತು.

ಆದರೆ ದನದ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಳ್ಳಾಳಿಗೆ ಇರುವ ಬಲವು ಇವನಿಗಿಲ್ಲ. ಆತನಿಗೆ ಕೊಳ್ಳುವವನೂ ಮಾರುವವನೂ ಕಣ್ಣೆದುರಿಗಿರುವರು. ಇಲ್ಲಿ ದರವೂ ಗಡುವೂ ಅಂಗಡಿಯವನದೇ. ಅಮೆಜಾನಿನ ಸಾಮಾನ್ಯ ನಿಯಮದಂತೆ ಗಿರಾಕಿಯು ಕೊಂಡಿಯನ್ನು ಒತ್ತಿದ 24 ಗಂಟೆಯೊಳಗೆ ಸರಕನ್ನು ಕೊಳ್ಳಬೇಕು, ಇಲ್ಲವೇ ಬುಟ್ಟಿಗಾದರೂ ಸೇರಿಸಬೇಕು. ಮನೆಯಲ್ಲಿ ವಿಚಾರಿಸಿ ಮೂರನೆಯ ದಿನ ಕೊಂಡರೆ (ಸಂಸಾರಿಗಳಾದ ನಾವು ಕೊಳ್ಳುವುದೇ ಹಾಗಲ್ಲವೆ!) ಬರೆದವನಿಗೆ ಬಿಡಿಕಾಸೂ ಇಲ್ಲ.

ದರದ ಮಾತು ಇನ್ನೂ ವಿಷಮವಾದುದು. 2020ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಪೀಠೋಪಕರಣಗಳ ಮೇಲಿನ ಶೇಕಡಾ 8 ಒಮ್ಮೆಗೇ 3ಕ್ಕೆ ಇಳಿಯಿತು; ದಿನಸಿಯ 5 ಹೋಗಿ 1 ಆಯಿತು. ನೂರು ಡಾಲರಿನ ಮೇಜನ್ನು ಮಾರಿಸಿದವನಿಗೆ ನಿನ್ನೆ 8 ಡಾಲರು, ಇಂದು 3. ಬರೆದ ಪುಟಗಳು ಅವೇ, ಓದುವವರೂ ಅವರೇ. ಇನ್ನು ಹೊಸದಾಗಿ ಸೇರಿದವನು 180 ದಿನಗಳೊಳಗೆ ಮೂರು ಮಾರಾಟಗಳನ್ನಾದರೂ ತೋರಿಸದಿದ್ದರೆ ಅವನ ಖಾತೆಯನ್ನೇ ಮುಚ್ಚುವರು.